ಹಿಮಕ್ಕೂ ಒಂದು ಹದ

ರವೆ ಉಂಡೆ ಕಟ್ಟುವವರಿಗೆ ಹದ ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಮುಷ್ಟಿಯಲ್ಲಿ ಒತ್ತಿದಾಗ ರವೆ ಕೂಡಿಕೊಳ್ಳಬೇಕು, ಕೈ ಬಿಟ್ಟಾಗ ಉದುರಬಾರದು. ಹಾಲು ಒಂದು ಚಮಚ ಕಡಿಮೆಯಾದರೆ ಪುಡಿ, ಒಂದು ಚಮಚ ಹೆಚ್ಚಾದರೆ ಮುದ್ದೆ. ಹಿಮದಲ್ಲಿ ಶಿಲ್ಪ ಮಾಡುವವರು ಬೆಳಗ್ಗೆ ಎದ್ದು ಮೊದಲು ಮಾಡುವ ಪರೀಕ್ಷೆಯೂ ಇದೇ. ಕೈಗವಸು ಹಾಕಿಕೊಂಡೇ ಒಂದು ಹಿಡಿ ಹಿಮ ತೆಗೆದು ಒತ್ತುತ್ತಾರೆ, ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಮುರಿಯುತ್ತಾರೆ. ಎರಡು ಹೋಳಾದರೆ ಹದವಾಗಿದೆ. ಪುಡಿಪುಡಿಯಾದರೆ ಹಿಮ ತೀರ ಒಣಗಿದೆ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಬಿಸಿಲಿಳಿದು ಚಳಿ ಏರುವ ತನಕ ಕಾಯುವುದೇ ಒಳ್ಳೆಯದು.

ನಮ್ಮ ನಾಡಿನಲ್ಲಿ ಆಕಾಶದಿಂದ ಗಟ್ಟಿಯಾಗಿ ಬೀಳುವುದು ಆಲಿಕಲ್ಲು ಮಾತ್ರ. ಕೊಡಗು, ಮಲೆನಾಡಿನ ಕಡೆ ಮಂಜು ಎಂದರೆ ಬೆಳಗಿನ ಕಾವಳ. ಅದಕ್ಕೇ ಇಲ್ಲಿ ಹಿಮ ಎಂಬ ಮಾತನ್ನೇ ಬಳಸಿದೆ. ಮಿನ್ನೆಸೋಟದಲ್ಲೋ ಟೊರೊಂಟೊದಲ್ಲೋ ನೆಲೆಸಿದ ಕನ್ನಡಿಗರ ಮನೆ ಮಕ್ಕಳಿಗೆ ಹಿಮ ಅಂಗಳದ ಆಟದ ಸಾಮಾನು. ಅವರ ಅಪ್ಪ ಅಮ್ಮಂದಿರಿಗೆ ಅದು ಇನ್ನೂ ಅರ್ಧ ಅಚ್ಚರಿ, ಅರ್ಧ ಸಲಿಕೆ ಕೆಲಸ. ಇಬ್ಬರಿಗೂ ಉಪಯೋಗವಾಗಲಿ ಎಂದು ಈ ಬರಹ.

ಹಿಮಶಿಲ್ಪದ ಮಾತು ಬಂದರೆ ಜಪಾನಿನ ಸಪ್ಪೊರೊ ನೆನಪಾಗದೆ ಇರದು. ಹೊಕ್ಕೈಡೊ ದ್ವೀಪದ ಈ ದೊಡ್ಡ ನಗರದಲ್ಲಿ ಒಂದು ಚಳಿಗಾಲಕ್ಕೆ ಸುಮಾರು 5 ಮೀಟರ್ ಹಿಮ ಬೀಳುತ್ತದೆ. 1950ರಲ್ಲಿ ಅಲ್ಲಿನ ಶಾಲಾ ವಿದ್ಯಾರ್ಥಿಗಳು ನಗರದ ನಡುವಿನ ಓದೋರಿ ಪಾರ್ಕಿನಲ್ಲಿ ಆರು ಹಿಮದ ಪ್ರತಿಮೆಗಳನ್ನು ನಿಲ್ಲಿಸಿದರು. ಬೀದಿಯಿಂದ ಬಳಿದ ಹಿಮವನ್ನು ತಂದು ಸುರಿಯುತ್ತಿದ್ದ ಜಾಗವದು. ಬೇಡದ್ದನ್ನು ಒಟ್ಟಿದ ಕಡೆಯೇ ಉತ್ಸವ ಹುಟ್ಟಿತು. 1955ರಲ್ಲಿ ಜಪಾನಿನ ಸ್ವರಕ್ಷಣಾ ಪಡೆಯ ಸೈನಿಕರು ಕೈಜೋಡಿಸಿದ ಮೇಲೆ ಪ್ರತಿಮೆಗಳು ಕಟ್ಟಡದೆತ್ತರಕ್ಕೆ ಬೆಳೆದವು. 1972ರ ಚಳಿಗಾಲದ ಒಲಿಂಪಿಕ್ಸ್ ಊರಿನ ಹೆಸರನ್ನು ಜಗತ್ತಿಗೆ ಮುಟ್ಟಿಸಿತು, 1974ರಿಂದ ಹೊರದೇಶದ ತಂಡಗಳ ಸ್ಪರ್ಧೆಯೂ ಸೇರಿಕೊಂಡಿತು. ಇಂದು ಫೆಬ್ರವರಿಯ ಮೊದಲ ಭಾಗದಲ್ಲಿ ನಡೆಯುವ ಉತ್ಸವಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಹದಿನೈದು ಮೀಟರ್ ಎತ್ತರದ ಅರಮನೆಗಳ ಫೋಟೊ ಎಲ್ಲರೂ ತೆಗೆಯುತ್ತಾರೆ. ಆದರೆ ಅದೇ ಪಾರ್ಕಿನಲ್ಲಿ ಊರಿನ ಸಾಮಾನ್ಯ ಜನ, ಆಫೀಸಿನ ಗೆಳೆಯರು, ಮನೆಮಂದಿ, ಸುಮಾರು 2 ಮೀಟರಿನ ಗಟ್ಟಿಗಳನ್ನು, ಅಂದರೆ ಒತ್ತಿ ದಿಮ್ಮಿಯಂತೆ ಮಾಡಿದ ಹಿಮವನ್ನು, ಕೆತ್ತಿ ನಿಲ್ಲಿಸಿದ ಸಾಲೂ ಇರುತ್ತದೆ. ತ್ಸುದೋಮ್ ಎಂಬ ಇನ್ನೊಂದು ಅಂಗಳದಲ್ಲಿ ಮಕ್ಕಳು ಹಿಮದ ಜಾರುಬಂಡೆ ಜಾರುತ್ತಾರೆ, ಗೊಂಬೆ ಕಟ್ಟುತ್ತಾರೆ. ನೋಡಲು ಬಂದವರ ಕೈಗೆ ಸಲಿಕೆ ಕೊಡುವ ಈ ಭಾಗವೇ ಉತ್ಸವದ ಜೀವ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶುರುವಾದದ್ದೇ ಹಾಗಲ್ಲವೇ?

ಬಂದವರಿಗೆ ಹಿಮಶಿಲ್ಪ ಮಾಡಿಸುವ ಕಡೆಯಲ್ಲೆಲ್ಲ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಜನರನ್ನು ಹಿಮದ ರಾಶಿಯ ಮುಂದೆ ನಿಲ್ಲಿಸಿ, ಸಲಿಕೆ ಕೊಟ್ಟು, ಏನಾದರೂ ಮಾಡಿ ಎಂದುಬಿಡುತ್ತಾರೆ. ಜನ ಗುಡ್ಡೆ ಹಾಕುತ್ತಾರೆ, ತಟ್ಟುತ್ತಾರೆ, ಮೂಗು ಅಂಟಿಸುತ್ತಾರೆ. ಮೂಗು ಬೀಳುತ್ತದೆ, ಮತ್ತೆ ಅಂಟಿಸುತ್ತಾರೆ. ಅರ್ಧ ಗಂಟೆಯಲ್ಲಿ ಕೈ ಒದ್ದೆ, ಮಗು ಅಳು. ಹಿಮಶಿಲ್ಪ ಕೂಡಿಸಿ ಮಾಡುವ ಕೆಲಸವಲ್ಲ, ಕಳೆದು ಮಾಡುವ ಕೆಲಸ. ಕಳೆಯಬೇಕಾದರೆ ಮೊದಲು ಗಟ್ಟಿಯೊಂದು ಬೇಕು. ಆ ಗಟ್ಟಿ ಹಿಂದಿನ ದಿನವೇ ತಯಾರಾಗಿರಬೇಕು. ಆಯೋಜಕರ ನಿಜವಾದ ದುಡಿಮೆ ಇರುವುದು ಇಲ್ಲಿ, ಮತ್ತು ಅದು ಬಂದವರ ಕಣ್ಣಿಗೆ ಬೀಳುವುದೇ ಇಲ್ಲ.

ಯಾಕೆ ಹಿಂದಿನ ದಿನ? ಈಗ ತಾನೆ ಬಿದ್ದ ಹಿಮದಲ್ಲಿ ಹೆಚ್ಚಿನ ಪಾಲು ಗಾಳಿ. ಒಂದು ಘನ ಮೀಟರ್ ಹೊಸ ಹಿಮ 100 ಕಿಲೋ ತೂಗಿದರೆ ಹೆಚ್ಚು. ತುಳಿದು ಗಟ್ಟಿ ಮಾಡಿದರೆ ಅಷ್ಟೇ ಜಾಗದಲ್ಲಿ 500 ಕಿಲೋದಷ್ಟು ಹಿಡಿಸುತ್ತದೆ. ಪೂರ್ತಿ ಮಂಜುಗಡ್ಡೆಯಾದರೆ 917 ಕಿಲೋ. ತುಳಿದಾಗ ನಕ್ಷತ್ರದಂಥ ಹರಳುಗಳ ತೋಳುಗಳು ಮುರಿದು, ಕಾಳುಗಳು ಒಂದಕ್ಕೊಂದು ಮುಟ್ಟಿ ಕೂರುತ್ತವೆ. ಅಲ್ಲಿಗೆ ಅರ್ಧ ಕೆಲಸ. ಇನ್ನರ್ಧವನ್ನು ಹಿಮ ತಾನೇ ಮಾಡಿಕೊಳ್ಳುತ್ತದೆ. ಕಾಳುಗಳು ಮುಟ್ಟಿಕೊಂಡ ಕಡೆ, ಕರಗದೆಯೇ, ಆವಿಯ ಅಣುಗಳು ಉಬ್ಬಿದ ಭಾಗದಿಂದ ಹೊರಟು ಸಂದಿಗೆ ಬಂದು ಕೂತು ಸಣ್ಣ ಬೆಸುಗೆ ಹಾಕುತ್ತವೆ. ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ ಈ ಬೆಸುಗೆ ಬೇಗ ಬೆಳೆಯುತ್ತದೆ. ಮೈನಸ್ 20ರಲ್ಲಿ ಬಲು ನಿಧಾನ. ಎಷ್ಟು ಹೆಚ್ಚು ಚಳಿಯೋ ಅಷ್ಟು ಒಳ್ಳೆಯದು ಎಂದುಕೊಂಡವರು ಇಲ್ಲೇ ಎಡವುವುದು. ಗಟ್ಟಿ ಕಟ್ಟುವ ದಿನ ಸ್ವಲ್ಪ ಬೆಚ್ಚಗಿದ್ದು, ಕೆತ್ತುವ ದಿನ ಮೈನಸ್ 5ರಿಂದ 12ರ ನಡುವೆ ಇದ್ದರೆ ಅದಕ್ಕಿಂತ ಬೇರೆ ಭಾಗ್ಯ ಬೇಕಿಲ್ಲ. ಹಿಮದ ಹರಳನ್ನು ಮೊದಲ ಬಾರಿಗೆ ಪ್ರಯೋಗಶಾಲೆಯಲ್ಲಿ ಬೆಳೆಸಿದ್ದೂ ಇದೇ ಸಪ್ಪೊರೊದಲ್ಲಿ. 1936ರಲ್ಲಿ, ಹೊಕ್ಕೈಡೊ ವಿಶ್ವವಿದ್ಯಾಲಯದ ಉಕಿಚಿರೊ ನಕಾಯಾ ಅದನ್ನು ಮೊಲದ ಕೂದಲೆಳೆಯ ಮೇಲೆ ಬೆಳೆಸಿದರು. ಪಾರ್ಕಿನ ಆರು ಪ್ರತಿಮೆಗಳಿಗೂ ಹದಿನಾಲ್ಕು ವರ್ಷ ಮೊದಲು.

ಈಗ ಗಟ್ಟಿ ಕಟ್ಟುವ ಬಗೆ. ನಾಲ್ಕು ಜನರ ಗುಂಪು ಎರಡು ಗಂಟೆಯಲ್ಲಿ ಮುಗಿಸಬಹುದಾದ ಅಳತೆ ಎಂದರೆ 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 90 ಸೆಂ.ಮೀ. ಎತ್ತರ. ಇದೊಂದು ಗಟ್ಟಿಯೇ 160 ಕಿಲೋ ಮೀರುತ್ತದೆ, ಹಾಗಾಗಿ ಬೇರೆಡೆ ಕಟ್ಟಿ ಹೊತ್ತು ತರುವ ಯೋಚನೆ ಬೇಡ. ಕೆತ್ತುವ ಜಾಗದಲ್ಲೇ ಕಟ್ಟಬೇಕು. 18 ಮಿ.ಮೀ. ಪ್ಲೈವುಡ್‌ನ ನಾಲ್ಕು ಹಲಗೆ, ಮೂಲೆಗಳಲ್ಲಿ ಮರದ ರೀಪು, ಮೊಳೆಯ ಬದಲು ಸ್ಕ್ರೂ. ಒಳಗೆ ನಿಂತು ತುಳಿದಾಗ ಹಲಗೆ ಹೊರಕ್ಕೆ ಉಬ್ಬುತ್ತದೆ, ಅದರಲ್ಲೂ ಬುಡದಲ್ಲಿ. ಅದಕ್ಕೇ ಸುತ್ತ ಎರಡು ಕಡೆ ಲಾರಿಯವರು ಬಳಸುವಂಥ ಬಿಗಿಯುವ ಪಟ್ಟಿ ಹಾಕಬೇಕು. ಕಾಂಕ್ರೀಟಿಗೆ ಸೆಂಟ್ರಿಂಗ್ ಕಟ್ಟಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ಮರಳು ಶಿಲ್ಪಗಳನ್ನು ನೋಡಿದವರಿಗೂ ಗುರುತು ಸಿಗುತ್ತದೆ. ದೊಡ್ಡ ಮರಳು ಶಿಲ್ಪದಲ್ಲೂ ಮೊದಲು ಒದ್ದೆ ಮರಳನ್ನು ಒತ್ತಿ ಗಟ್ಟಿ ಮಾಡಿ, ಆಮೇಲೆ ಮೇಲಿನಿಂದ ಕೆಳಕ್ಕೆ ಕೆತ್ತಿಕೊಂಡು ಬರುತ್ತಾರೆ. ಮರಳನ್ನು ಹಿಡಿದಿಡುವುದು ನೀರು, ಹಿಮವನ್ನು ಹಿಡಿದಿಡುವುದು ಅದರದೇ ಬೆಸುಗೆ, ಅಷ್ಟೇ ವ್ಯತ್ಯಾಸ.

ಸುರಿಯುವ ಹಿಮ ಶುದ್ಧವಾಗಿರಬೇಕು. ಸಪ್ಪೊರೊದಲ್ಲಿ ದೊಡ್ಡ ಪ್ರತಿಮೆಗಳಿಗೆ ಊರಾಚೆಯಿಂದ ಟ್ರಕ್ಕುಗಳಲ್ಲಿ ಶುಭ್ರವಾದ ಹಿಮ ತರಿಸುತ್ತಾರೆ. ರಸ್ತೆ ಬದಿಯ ಹಿಮ ಬೇಡವೇ ಬೇಡ. ಅದರಲ್ಲಿ ಹಿಮ ಕರಗಿಸಲು ಎರಚಿದ ಉಪ್ಪಿರುತ್ತದೆ. ಉಪ್ಪು ಸೇರಿದ ಕಡೆ ಹಿಮ ಸೊನ್ನೆಗಿಂತ ಕೆಳಗೂ ಒದ್ದೆಯಾಗಿಯೇ ಉಳಿದು, ಗಟ್ಟಿ ಕೂರದೆ ಜಾರುತ್ತದೆ. ಕಡ್ಡಿ, ಎಲೆ, ಜಲ್ಲಿ ಸಿಕ್ಕಿದರೆ ಗರಗಸ ಅಲ್ಲೇ ಕಚ್ಚಿಕೊಂಡು, ಎಳೆದಾಗ ಒಂದು ಮೂಲೆಯೇ ಕಿತ್ತು ಬರುತ್ತದೆ. ಹೆಂಟೆಗಳನ್ನು ಒಡೆದು ಹಾಕಬೇಕು, ಇಲ್ಲದಿದ್ದರೆ ಅವುಗಳ ನಡುವೆ ಕಾಣದ ಪೊಳ್ಳು ಉಳಿಯುತ್ತದೆ. ಹೊಸ ಹಿಮವಾದರೆ ಗಟ್ಟಿಯ ಐದು ಪಟ್ಟು ಬೇಕಾಗುತ್ತದೆ. ಕೆಲವು ದಿನ ಬಿದ್ದುಕೊಂಡು ತಾನೇ ಕುಗ್ಗಿದ ಹಿಮವಾದರೆ ಎರಡು ಪಟ್ಟು ಸಾಕು.

ಒಂದು ಸಲಕ್ಕೆ ಒಂದು ಗೇಣಿಗಿಂತ ಹೆಚ್ಚು ಸುರಿಯಬಾರದು. ಸುರಿದು, ಬೂಟುಗಾಲಿನಲ್ಲಿ ಮೂಲೆಯಿಂದ ಶುರುಮಾಡಿ ನಡುವಿಗೆ ಬರುತ್ತ ತುಳಿಯಬೇಕು. ಎಲ್ಲರೂ ನಡುವೆ ತುಳಿಯುತ್ತಾರೆ, ಮೂಲೆ ಟೊಳ್ಳಾಗಿ ಉಳಿಯುತ್ತದೆ, ಹಲಗೆ ಬಿಚ್ಚಿದಾಗ ಅದೇ ಉದುರುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ಬ್ರೆಕೆನ್‌ರಿಜ್ ಎಂಬ ಬೆಟ್ಟದ ಊರಿನಲ್ಲಿ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಗೆ 20 ಟನ್ನಿನಷ್ಟು ತೂಗುವ ಗಟ್ಟಿಗಳನ್ನು ಕಟ್ಟುತ್ತಾರೆ. ಅಲ್ಲೂ ಮರದ ಚೌಕಟ್ಟಿನೊಳಗೆ ಇಳಿದು ಕಾಲಿನಿಂದಲೇ ತುಳಿಯುವ ಸ್ವಯಂಸೇವಕರಿದ್ದಾರೆ. ನಮ್ಮಲ್ಲಿ ಮಣ್ಣಿನ ಗೋಡೆಗೆ ಮಣ್ಣು ತುಳಿಯುತ್ತಿದ್ದ ಹಾಗೇ. ಇದಕ್ಕೂ ಬಂದವರನ್ನು ಕರೆಯಬಹುದು, ಕೆತ್ತುವುದಕ್ಕಿಂತ ಇದರಲ್ಲಿ ಮಕ್ಕಳಿಗೆ ಖುಷಿ ಹೆಚ್ಚು.

ತುಂಬುವ ಕೆಲಸವನ್ನು ನಡುವೆ ನಿಲ್ಲಿಸಬೇಡಿ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮೇಲ್ಮೈ ಹೆಪ್ಪುಗಟ್ಟಿ ಪೊರೆಯಾಗಿರುತ್ತದೆ. ಅದರ ಮೇಲೆ ಸುರಿದ ಹಿಮ ಕೂಡಿಕೊಳ್ಳದೆ ಬರೀ ಕೂತಿರುತ್ತದೆ. ಮರುದಿನ ಗೂಬೆಯೊಂದನ್ನು ಕೆತ್ತುತ್ತಿದ್ದರೆ ಅದರ ತಲೆ ಸರಿಯಾಗಿ ಆ ಗೆರೆಯಲ್ಲೇ ತಟ್ಟೆಯ ಹಾಗೆ ಜಾರಿ ಬರುತ್ತದೆ. ಅನಿವಾರ್ಯವಾಗಿ ನಿಲ್ಲಿಸಿದರೆ, ಮತ್ತೆ ಸುರಿಯುವ ಮೊದಲು ಮೇಲ್ಮೈಯನ್ನು ಗುದ್ದಲಿಯಿಂದ ಕೆರೆದು ಒರಟು ಮಾಡಿಕೊಳ್ಳಬೇಕು. ನೀರು ಹಾಕಿದರೆ ಬೇಗ ಗಟ್ಟಿಯಾಗುತ್ತದಲ್ಲ ಎಂಬ ಆಸೆಯೂ ಬೇಡ. ಸುರಿದ ನೀರು ಒಂದೇ ಕಡೆ ಇಳಿದು ಒಳಗೆ ಮಂಜುಗಡ್ಡೆಯ ಪದರವಾಗುತ್ತದೆ. ಉಳಿ ಅಲ್ಲಿ ಜಾರುತ್ತದೆ, ಮೆದು ಹಿಮ ಒಡೆಯುತ್ತದೆ. ಹಿಮ ತೀರ ಒಣಗಿದ್ದರೆ ಗಿಡಕ್ಕೆ ಸಿಂಪಡಿಸುವ ಬಾಟಲಿಯಿಂದ ಮಂಜಿನ ಹಾಗೆ ಹಾಯಿಸಿ ಕಲಸಿಕೊಳ್ಳಬಹುದು, ಅಷ್ಟೇ. ತುಂಬಿದ ಮೇಲೆ ಒಂದು ರಾತ್ರಿ, ಕಡೇಪಕ್ಷ ಹನ್ನೆರಡು ಗಂಟೆ, ಮುಟ್ಟದೆ ಬಿಡಬೇಕು.

ಬೆಳಗ್ಗೆ ಪಟ್ಟಿ ಸಡಿಲಿಸಿ, ಸ್ಕ್ರೂ ಬಿಚ್ಚಿ, ಹಲಗೆಯನ್ನು ಹೊರಕ್ಕೆ ಎಳೆಯುವ ಬದಲು ಪಕ್ಕಕ್ಕೆ ಸರಿಸಿ ತೆಗೆದರೆ ಅಂಚು ಉಳಿಯುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಹದವಾಗಿ ಕೂತ ಗಟ್ಟಿ ಮಾಗಿದ ಕುಂಬಳಕಾಯಿಯ ಹಾಗೆ ಟಕ್ ಎನ್ನುತ್ತದೆ, ಕೂರದ್ದು ಸದ್ದೇ ಮಾಡುವುದಿಲ್ಲ.

ಏನು ಕೆತ್ತಬೇಕು? ಇದನ್ನು ಬಂದವರಿಗೇ ಬಿಟ್ಟರೆ ಹತ್ತರಲ್ಲಿ ಏಳು ಗುಂಪು ನಿಂತ ಕುದುರೆಯನ್ನೋ ರೆಕ್ಕೆ ಬಿಚ್ಚಿದ ಹಕ್ಕಿಯನ್ನೋ ಬಯಸುತ್ತವೆ. ಹಿಮಕ್ಕೆ ಒತ್ತಡ ತಡೆಯುವ ಶಕ್ತಿಯಿದೆ, ಎಳೆತ ತಡೆಯುವ ಶಕ್ತಿ ಇಲ್ಲ. ನಾಲ್ಕು ಸಣ್ಣ ಕಾಲಿನ ಮೇಲೆ ಮೈ ನಿಲ್ಲದು. ಇಲ್ಲಿ ನಮ್ಮ ಶಿಲ್ಪಿಗಳ ಬುದ್ಧಿ ನೆನೆಯಬೇಕು. ಚಾಮುಂಡಿ ಬೆಟ್ಟದ ನಂದಿ ಕಾಲು ಮಡಚಿ ಕೂತಿದೆ, ಭಾರವೆಲ್ಲ ನೆಲದ ಮೇಲೆ, ಕತ್ತು ದಪ್ಪ, ಗಂಟೆ ಸರ ಎಲ್ಲ ಮೈಗಂಟಿಯೇ ಇವೆ. ಹಿಮಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು. ನಿಂತ ಪ್ರತಿಮೆಯೇ ಬೇಕೆಂದರೆ ಶ್ರವಣಬೆಳಗೊಳದ ಗೊಮ್ಮಟನನ್ನು ನೋಡಿ. ಸುಮಾರು 58 ಅಡಿಯ ಆ ಮೂರ್ತಿಗೆ ತೊಡೆಯವರೆಗೆ ಹುತ್ತದ ಆಸರೆ ಇದೆ, ಅಲ್ಲಿಂದ ಮೇಲೆ ಯಾವ ಆಸರೆಯೂ ಇಲ್ಲ. ಹುತ್ತ ಬಾಹುಬಲಿಯ ತಪಸ್ಸಿನ ಕಥೆಯನ್ನೂ ಹೇಳುತ್ತದೆ, ಕಲ್ಲಿನ ಭಾರವನ್ನೂ ಹೊರುತ್ತದೆ. ಹಿಮದಲ್ಲೂ ಹಾಗೇ, ಕಾಲಿನ ನಡುವೆ ಪೊದೆ, ಕೈ ಕೆಳಗೆ ಬಂಡೆ, ರೆಕ್ಕೆಯ ಹಿಂದೆ ಮರದ ಬೊಡ್ಡೆ ಹೀಗೆ ಏನಾದರೊಂದು ನೆಪ ಹುಡುಕಿಕೊಳ್ಳಬೇಕು. ಮೊದಲ ಸಲ ಕೆತ್ತುವವರಿಗೆ ಕೂತ ಗೂಬೆ, ಆಮೆ, ಮಲಗಿದ ಆನೆ, ಕಪ್ಪೆ ಸಲೀಸು.

ಒಂದು ಮುಷ್ಟಿಯಷ್ಟು ಜೇಡಿಮಣ್ಣಿನಲ್ಲಿ ಮೊದಲು ಮಾದರಿ ಮಾಡಿಸಿ. ಕಾಗದದ ಚಿತ್ರ ಒಂದೇ ಮುಖ ತೋರಿಸುತ್ತದೆ. ಹಿಮದ ಮುಂದೆ ನಿಂತಾಗ ಹಿಂಭಾಗ ಹೇಗಿರಬೇಕೆಂದೇ ಗೊತ್ತಾಗದೆ ಜನ ಒಂದು ಬದಿಯನ್ನು ಮಾತ್ರ ಕೆತ್ತಿ ಬಿಡುತ್ತಾರೆ. ಮಣ್ಣಿನ ಮಾದರಿ ಕೈಯಲ್ಲಿದ್ದರೆ ತಿರುಗಿಸಿ ನೋಡಬಹುದು.

ಸಲಕರಣೆಗೆ ಹಣ ಸುರಿಯಬೇಕಿಲ್ಲ. ಚಪ್ಪಟೆ ಸಲಿಕೆ, ದೊಡ್ಡ ಹಲ್ಲಿನ ಗರಗಸ, ಗಾರೆಯವರ ಕರಣೆ, ಎರಡು ಅಳತೆಯ ಉಳಿ, ಒಂದು ಗಟ್ಟಿ ಸ್ಟೀಲ್ ಚಮಚ, ಬ್ರಷ್ಷು. ಜೊತೆಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ ಒಂದು ಸಾಧನವನ್ನು ಕೈಯಲ್ಲೇ ಮಾಡಿಕೊಳ್ಳಬಹುದು. ಒಂದು ಅಡಿ ಹಲಗೆಗೆ ಒಂದೊಂದು ಅಂಗುಲ ಬಿಟ್ಟು ಸ್ಕ್ರೂಗಳನ್ನು, ತುದಿ ಒಂದು ಸೆಂ.ಮೀ. ಹೊರಬರುವಂತೆ ಬಿಗಿದರೆ ದೊಡ್ಡ ತುರಿಮಣೆ ಸಿದ್ಧ. ಉಬ್ಬು ತಗ್ಗುಗಳನ್ನು ಗುಂಡಗೆ ತರಲು ಇದರಂಥದ್ದು ಬೇರೆ ಇಲ್ಲ. ಹಲ್ಲುಗಳ ನಡುವೆ ಹಿಮ ಕಟ್ಟಿಕೊಂಡರೆ ಬರೀ ಜಾರುತ್ತದೆ, ಆಗಾಗ ಬ್ರಷ್ಷಿನಿಂದ ಕೊಡವಬೇಕು. ಉಪಕರಣಗಳನ್ನು ಬೆಚ್ಚಗಿನ ಕೋಣೆಯಿಂದ ನೇರ ತಂದು ಬಳಸಿದರೂ ಇದೇ ಗೋಳು. ಲೋಹ ಹಿಮವನ್ನು ಕರಗಿಸಿ, ಆ ನೀರು ಅದರ ಮೇಲೇ ಹೆಪ್ಪುಗಟ್ಟುತ್ತದೆ. ಅರ್ಧ ಗಂಟೆ ಮುಂಚೆ ಹೊರಗಿಟ್ಟಿರಬೇಕು.

ಕೆತ್ತನೆ ಮೇಲಿನಿಂದ ಕೆಳಕ್ಕೆ. ಬುಡದ ಒಂದು ಗೇಣನ್ನು ಕೊನೆಯವರೆಗೂ ಮುಟ್ಟುವಂತಿಲ್ಲ. ಮುಂಭಾಗದಲ್ಲಿ ಆಕಾರದ ಅಂಚನ್ನು ಗೀರಿ, ಹೊರಗಿನದನ್ನು ಗರಗಸದಲ್ಲಿ ಹಿಂಭಾಗದವರೆಗೆ ನೇರ ಕೊಯ್ದು ತೆಗೆಯಿರಿ. ಆಮೇಲೆ ಪಕ್ಕಕ್ಕೆ ಬಂದು ಪಕ್ಕದ ಅಂಚನ್ನು ಗೀರಿ ಹಾಗೇ ಕೊಯ್ಯಿರಿ. ಈಗ ಗೂಬೆ ಚೌಕ ಚೌಕವಾಗಿ ಕಾಣುತ್ತದೆ, ಗಾಬರಿ ಬೇಡ, ಮೂಲೆಗಳನ್ನು ತುರಿದರೆ ಗುಂಡಗಾಗುತ್ತದೆ. ಎಲ್ಲ ಕಡೆ ಎರಡು ಬೆರಳಷ್ಟು ದಪ್ಪ ಉಳಿಸಿಕೊಂಡೇ ಮುಂದೆ ಹೋಗಬೇಕು. ನಾಲ್ವರಲ್ಲಿ ಒಬ್ಬರು ಬಿದ್ದ ಹಿಮ ಬಾಚುವುದಕ್ಕೇ ಇರಲಿ. ಗಟ್ಟಿಯ ಅರ್ಧದಷ್ಟು ಕೆಳಗೆ ಬೀಳುತ್ತದೆ, ಅಂದರೆ 80 ಕಿಲೋ. ಅದು ಬುಡವನ್ನು ಮುಚ್ಚಿದರೆ ಎತ್ತರದ ಅಂದಾಜು ತಪ್ಪಿ ಕುಳ್ಳ ಗೂಬೆ ಹುಟ್ಟುತ್ತದೆ.

ಬಿಳಿಯ ಮೇಲೆ ಬಿಳಿ ಕಾಣಬೇಕಾದರೆ ನೆರಳೇ ಬಣ್ಣ. ಹಿಮದೊಳಗೆ ಬೆಳಕು ಸ್ವಲ್ಪ ದೂರ ಇಳಿದು ಚದುರುವುದರಿಂದ ಕಲ್ಲಿನಲ್ಲಿ ಚೆನ್ನಾಗಿ ಕಾಣುವ ತೆಳು ಗೆರೆ ಇಲ್ಲಿ ಮಾಯವಾಗುತ್ತದೆ. ಮೋಡ ಕವಿದ ದಿನವಂತೂ ಒಂದು ಸೆಂ.ಮೀ. ಆಳದ ಗೆರೆ ಇದ್ದೂ ಇಲ್ಲದ ಹಾಗೆ. ಮೂರು ಸೆಂ.ಮೀ.ಗಿಂತ ಕಡಿಮೆ ಆಳದ ಕೆತ್ತನೆಗೆ ಸಮಯ ಕೊಡಬೇಡಿ. ಗೂಬೆಯ ಕಣ್ಣನ್ನೇ ತೆಗೆದುಕೊಳ್ಳಿ. ಚಮಚದ ತುದಿಯಲ್ಲಿ ಬಳೆಯಗಲದ ಒಂದು ವೃತ್ತ ಗೀರಿ. ವೃತ್ತದ ನಡುವೆ ಬಟಾಣಿಗಿಂತ ಸ್ವಲ್ಪ ದೊಡ್ಡದಾದ ಗುಬುಟನ್ನು ಮುಟ್ಟದೆ ಬಿಟ್ಟು, ಸುತ್ತಲಿನ ಹಿಮವನ್ನು ಚಮಚ ತಿರುಗಿಸುತ್ತ ನಾಲ್ಕೈದು ಸೆಂ.ಮೀ. ಆಳಕ್ಕೆ ತೋಡಿ. ಮೇಲಿನ ಅಂಚನ್ನು ಒಳಮುಖವಾಗಿ ಓರೆ ಕೊಯ್ದರೆ ರೆಪ್ಪೆಯ ನೆರಳು ಒಳಗೆ ಬೀಳುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ತೋಡಿದ ಗುಳಿ ಕಪ್ಪಾಗಿ, ನಡುವಿನ ಗುಬುಟು ಬೆಳಕು ಹಿಡಿದು, ಗೂಬೆ ನಿಮ್ಮನ್ನೇ ದಿಟ್ಟಿಸುತ್ತಿರುತ್ತದೆ. ಈ ಒಂದು ಕ್ಷಣಕ್ಕಾಗಿಯೇ ಇಷ್ಟೆಲ್ಲ ಸಿದ್ಧತೆ ಮಾಡುವುದು ಸಾರ್ಥಕ.

ತುಂಡು ಮುರಿದರೆ ಅಂಟಿಸಲು ಗಾರೆ ಇದೆ. ಜಪಾನಿನಲ್ಲಿ ಇದನ್ನು ಕೆಶೋಯುಕಿ ಎನ್ನುತ್ತಾರೆ, ಅಂದರೆ ಅಲಂಕಾರದ ಹಿಮ. ನುಣ್ಣನೆಯ ಶುಭ್ರ ಹಿಮಕ್ಕೆ ಮಂಜುಗಡ್ಡೆ ತೇಲುತ್ತಿರುವ ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಬೇಕು. ಕರಣೆಯನ್ನು ಓರೆ ಹಿಡಿದರೂ ಜಾರದಷ್ಟು ಗಟ್ಟಿ ಇರಬೇಕು. ಒಂದು ಸಲಕ್ಕೆ ಒಂದು ಬೋಗುಣಿಗಿಂತ ಹೆಚ್ಚು ಕಲಸಿದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಹಚ್ಚುವ ಜಾಗವನ್ನು ಕೆರೆದು, ಪದರ ಪದರವಾಗಿ ಹಚ್ಚಿ, ಅಂಗೈಯಲ್ಲಿ ಒತ್ತಿ ಹಿಡಿಯಿರಿ. ಮೈನಸ್ ನಾಲ್ಕೈದರಲ್ಲಿ ಕೆಲವೇ ನಿಮಿಷಗಳಲ್ಲಿ ಹಿಡಿದುಕೊಳ್ಳುತ್ತದೆ. ಸೊನ್ನೆಯ ಹತ್ತಿರ ಹಿಡಿಯುವುದೇ ಇಲ್ಲ, ಮೇಲಾಗಿ ಅದರ ನೀರು ಒಳಗಿಳಿದು ಇದ್ದ ಭಾಗವನ್ನೂ ಮೆತ್ತಗೆ ಮಾಡುತ್ತದೆ.

ಫೆಬ್ರವರಿಯಲ್ಲೂ ಸಪ್ಪೊರೊದ ಮಧ್ಯಾಹ್ನ ಸೊನ್ನೆಯ ಆಸುಪಾಸಿಗೆ ಬರುತ್ತದೆ. ತೆಂಕಣ ಬಿಸಿಲು ಬೀಳುವ ಬದಿ ಮೊದಲು ಕರಗುತ್ತದೆ. ಹಾಗಾಗಿ ಮುಖವನ್ನು ಬಡಗಣಕ್ಕೆ ಇಟ್ಟರೆ ಕೆತ್ತನೆ ಹೆಚ್ಚು ದಿನ ಉಳಿಯುತ್ತದೆ. ಬಿಳಿ ಬಟ್ಟೆ ಕಟ್ಟಿ ನೆರಳು ಮಾಡಬಹುದು, ನೀಲಿ ಟಾರ್ಪಾಲು ಬಿಸಿ ಹೀರುತ್ತದೆ. ಕರಗದಿದ್ದರೂ ಹಿಮ ಸುಮ್ಮನಿರುವುದಿಲ್ಲ, ತನ್ನ ಭಾರಕ್ಕೆ ತಾನೇ ದಿನದಿನವೂ ಬಾಗುತ್ತದೆ. ಚಾಚಿದ ಕೊಕ್ಕು ಮೂರನೆಯ ದಿನ ಎದೆ ಮುಟ್ಟಿರುತ್ತದೆ. 2012ರ ಉತ್ಸವದಲ್ಲಿ ಪ್ರತಿಮೆಯೊಂದು ಕುಸಿದು ನೋಡುಗರೊಬ್ಬರಿಗೆ ಪೆಟ್ಟಾಗಿತ್ತು. ಹಿಮ ಹತ್ತಿಯಂತೆ ಕಂಡರೂ ಅರ್ಧ ಮೀಟರಿನ ಒಂದು ಗಟ್ಟಿ ತುಂಡು 60 ಕಿಲೋ ಮೀರುತ್ತದೆ. ಒಳಗೆ ಗುಹೆ ತೋಡಲು ಮಕ್ಕಳಿಗೆ ಬಿಡಲೇಬಾರದು. ಗರಗಸ ಹಿಡಿದ ಇಬ್ಬರ ನಡುವೆ ಎರಡು ಮೀಟರ್ ಅಂತರ ಇರಲಿ, ಏಣಿ ದೊಡ್ಡವರಿಗೆ ಮಾತ್ರ.

ಹತ್ತಿಯ ಕೈಗವಸು ಹತ್ತು ನಿಮಿಷದಲ್ಲಿ ಒದ್ದೆ. ಒಳಗೆ ಉಣ್ಣೆ, ಹೊರಗೆ ರಬ್ಬರ್ ಇರಬೇಕು, ಬದಲಿಸಲು ಇನ್ನೊಂದು ಜೊತೆ ಜೇಬಿನಲ್ಲಿರಬೇಕು. ಮಕ್ಕಳನ್ನು ಅರ್ಧ ಗಂಟೆಗೊಮ್ಮೆ ಬೆಚ್ಚಗಿನ ಜಾಗಕ್ಕೆ ಕರೆದೊಯ್ಯಿರಿ. ಬೆರಳು ಬಿಳುಪೇರಿ ಜೋಮು ಹಿಡಿದರೆ ಕೆಲಸ ನಿಲ್ಲಿಸಿ ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು, ತಿಕ್ಕಬಾರದು. ಆರು ವರ್ಷದೊಳಗಿನವರಿಗೆ ಗಟ್ಟಿ ಬೇಡ. ಜಪಾನಿನ ಹಿಮದ ಗೊಂಬೆಗೆ ಎರಡೇ ಉಂಡೆ, ಅಮೆರಿಕದ್ದಕ್ಕೆ ಮೂರು. ಚಿಕ್ಕವರಿಗೆ ಎರಡುಂಡೆಯದೇ ವಾಸಿ, ಬೇಗ ಮುಗಿಯುತ್ತದೆ, ಸುಲಭಕ್ಕೆ ಉರುಳುವುದೂ ಇಲ್ಲ.

ಸಪ್ಪೊರೊದಲ್ಲಿ ಉತ್ಸವ ಮುಗಿದ ಮರುದಿನವೇ ಯಂತ್ರಗಳು ಬಂದು ದೊಡ್ಡ ಪ್ರತಿಮೆಗಳನ್ನು ಕೆಡವುತ್ತವೆ, ಕರಗುತ್ತ ನಿಂತರೆ ಯಾವಾಗ ಯಾರ ಮೇಲೆ ಬೀಳುವುದೋ ಎಂದು. ಸಣ್ಣ ಶಿಬಿರದಲ್ಲೂ ಸಂಜೆ ಬಾಗಿಲು ಹಾಕುವ ಮುನ್ನ ಬಿರುಕು ಬಿಟ್ಟವನ್ನು ಕೆಡವಿಬಿಡಬೇಕು. ಕೆಡವಿದ್ದನ್ನೂ, ದಿನವಿಡೀ ತುರಿದು ಬಿದ್ದದ್ದನ್ನೂ ಎಸೆಯಬೇಡಿ. ಅದು ಸಣ್ಣ ಕಾಳಿನ, ಒತ್ತೊತ್ತಾಗಿ ಕೂರುವ ಹಿಮ, ಹೊಸದಾಗಿ ಬಿದ್ದದ್ದಕ್ಕಿಂತ ಚೆನ್ನಾಗಿ ಬೆಸೆದುಕೊಳ್ಳುತ್ತದೆ. ಹೆಂಟೆ ಒಡೆದು, ಕಸ ಆರಿಸಿ, ಹೊಸ ಹಿಮದ ಜೊತೆ ಕಲಸಿ, ಕತ್ತಲಾಗುವ ಮೊದಲು ನಾಳೆಯ ಚೌಕಟ್ಟಿಗೆ ಮೂಲೆಯಿಂದ ತುಳಿಯುತ್ತ ತುಂಬಿ.